ಜೋಲುಮೋರೆಯ ಗಿಡ

ನನ್ನ ಮುಖದ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಎಲ್ಲಾದರೂ ಎದುರಿಗೆ ಸಿಕ್ಕಾಗ ನೀವು ಗಾಬರಿಯಾಗುವುದು ಬೇಡ. ನನ್ನದು ಹುಟ್ಟಿನಿಂದ ಬಂದ ಜೋಲುಮೋರೆ. ಕಣ್ಣಿನ ಕೊನೆಗಳು ಕೆಳಗೆ, ಮೀಸೆಯ ತುದಿಗಳು ಕೆಳಗೆ, ಬಾಯಿಯ ಎರಡು ಅಂಚುಗಳೂ ಕೆಳಗೆ. ಎಲ್ಲ ಸೇರಿ ಎಲ್ಲಿಗೆ ಹೊರಟಿವೆಯೋ ನನಗೂ ತಿಳಿದಿಲ್ಲ. ಹೊಟ್ಟೆ ತುಂಬ ಹೋಳಿಗೆ ತಿಂದು, ಎಲೆಯಡಿಕೆ ಹಾಕಿಕೊಂಡು, ಸುಖವಾಗಿ ಜಗಲಿಯ ಮೇಲೆ ಕೂತಿದ್ದರೂ ದಾರಿಯಲ್ಲಿ ಹೋಗುವವರು ನಿಂತು, "ಯಾಕ್ ಮೇಷ್ಟ್ರೇ, ಮನೇಲಿ ಎಲ್ಲಾ ಕ್ಷೇಮ ತಾನೆ?" ಎಂದು ಕೇಳುತ್ತಾರೆ. ನಿವೃತ್ತನಾಗುವ ತನಕ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದೆ. ನಾನು ತಮಾಷೆಯ ಶ್ಲೋಕ ಹೇಳಿದರೂ ಹುಡುಗರು ಯಾರೋ ತೀರಿಕೊಂಡ ಸುದ್ದಿ ಕೇಳಿದವರಂತೆ ತಲೆ ತಗ್ಗಿಸಿ ಕೂರುತ್ತಿದ್ದರು.

ಇಂಥ ಮುಖಕ್ಕೂ ಒಂದು ಕಡೆ ಬಹಳ ಮರ್ಯಾದೆಯಿದೆ. ಅದು ಸಾವಿನ ಮನೆ. ಗುರುತು ಪರಿಚಯ ಇಲ್ಲದವರ ಮನೆಗೆ ಯಾರದೋ ಜೊತೆಗೆಂದು ಹೋಗಿ ಮೂಲೆಯಲ್ಲಿ ನಿಂತಿದ್ದರೂ ಮನೆಯವರು ನನ್ನನ್ನೇ ಹುಡುಕಿಕೊಂಡು ಬಂದು ಕೈ ಹಿಡಿಯುತ್ತಾರೆ. ಹೋದವರಿಗೆ ನಾನು ತೀರ ಬೇಕಾದವನಾಗಿದ್ದಿರಬೇಕು ಎಂದು ಅವರ ಲೆಕ್ಕ. ಒಮ್ಮೆ ಇದೇ ಮೈಸೂರಿನ ಯಾದವಗಿರಿಯಲ್ಲಿ ಹೀಗೆಯೇ ಸ್ಕೂಲಿನ ಸಹೋದ್ಯೋಗಿಯೊಬ್ಬರ ಜೊತೆ ಹೋಗಿದ್ದೆ. ಗಂಡನನ್ನು ಕಳೆದುಕೊಂಡ ಹೆಂಗಸು ನನ್ನನ್ನು ಕಂಡದ್ದೇ ತಮ್ಮ ಅಳು ನಿಲ್ಲಿಸಿ ನನಗೆ ಸಮಾಧಾನ ಹೇಳತೊಡಗಿದರು. ನಾನು ತಲೆಯಾಡಿಸುತ್ತ ಹೇಳಿಸಿಕೊಂಡೆ. ಬೇಡ ಎನ್ನುವುದಕ್ಕೆ ಮುಖದ ಸಹಕಾರ ಸಿಗಲಿಲ್ಲ.

ಮದುವೆಯ ದಿನವೂ ಇದೇ ಪಾಡು. ಅಂತರಪಟ ಸರಿಯುತ್ತಿದ್ದಂತೆ ಹೆಣ್ಣಿನ ಕಡೆಯವರಲ್ಲಿ ಗುಸುಗುಸು ಎದ್ದಿತು. ಹುಡುಗನಿಗೆ ಒಪ್ಪಿಗೆ ಇದೆಯೋ, ಬಲವಂತಕ್ಕೆ ಕೂರಿಸಿದ್ದೀರೋ ಎಂದು ಯಾರೋ ಹಿರಿಯರು ನಮ್ಮ ತಂದೆಯನ್ನು ಪಕ್ಕಕ್ಕೆ ಕರೆದು ಕೇಳಿದರಂತೆ. ಅಷ್ಟರಲ್ಲಿ ಹೆಣ್ಣಿನ ತಂಗಿ, ಜರಿಲಂಗದ ಪುಟ್ಟ ಹುಡುಗಿ, ಓಲಗದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಹೊತ್ತಿಗೇ ಸರಿಯಾಗಿ, ಇಡೀ ಛತ್ರಕ್ಕೆ ಕೇಳುವ ಹಾಗೆ, "ಅಕ್ಕಾ, ಭಾವಂಗೆ ಹೊಟ್ಟೆನೋವೇನೇ?" ಎಂದಳು. ಛತ್ರವೆಲ್ಲ ನಕ್ಕಿತು. ನಾನೂ ನಕ್ಕೆ. ಫೋಟೋಗಳಲ್ಲಿ ಮಾತ್ರ ಆ ನಗು ಇದುವರೆಗೆ ಯಾರಿಗೂ ಸಿಕ್ಕಿಲ್ಲ.

ಆ ಹುಡುಗಿಯೇ ಪದ್ಮ, ನನ್ನ ಹೆಂಡತಿ ಶಾರದೆಯ ಒಬ್ಬಳೇ ತಂಗಿ. ಕಾಲೇಜು ಓದುವುದಕ್ಕೆಂದು ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬಂದವಳು ಮತ್ತೆ ಹೋಗಲೇ ಇಲ್ಲ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಮದುವೆ ಬೇಡವೆಂದಳು, ಬೀದಿಯ ಕಡೆಗಿನ ಮುಂದಿನ ರೂಮು ಅವಳದಾಯಿತು. ನಮಗೆ ಮಕ್ಕಳಿಲ್ಲ. ಆದರೂ ಮನೆ ಖಾಲಿ ಎಂದು ನನಗೆ ಯಾವತ್ತೂ ಅನ್ನಿಸಿದ್ದಿಲ್ಲ. ಅಕ್ಕತಂಗಿಯರು ಬೆಳಗಿನ ಕಾಫಿಯ ಜೊತೆ ಮಾತು ಶುರುಮಾಡಿದರೆ ಪದ್ಮ ಬ್ಯಾಂಕಿಗೆ ಹೊರಟಾಗ ಅದು ಅರ್ಧಕ್ಕೆ ನಿಲ್ಲುತ್ತಿತ್ತು, ಸಂಜೆ ಅವಳು ಚಪ್ಪಲಿ ಬಿಡುವಾಗ ಅದೇ ವಾಕ್ಯದಿಂದ ಮುಂದುವರಿಯುತ್ತಿತ್ತು. ಮಾತಿಗೆ ವಿಷಯ ಸಾಲದೆ ಹೋದರೆ ನನ್ನ ಮುಖ ಇದ್ದೇ ಇತ್ತು. ಮನೆಗೆ ಹೊಸಬರು ಬಂದು ನನ್ನ ಕಡೆಗೆ ಅನುಮಾನದಿಂದ ನೋಡಿದರೆ ಪದ್ಮ ಕಾಫಿಲೋಟ ಕೈಗೆ ಕೊಡುತ್ತ, "ನಮ್ಮ ಭಾವನ ಮುಖ ಇರೋದೇ ಹಾಗೆ ಕಣ್ರೀ. ಒಳಗೆ ಚೆನ್ನಾಗೇ ಇದಾರೆ" ಎನ್ನುತ್ತಿದ್ದಳು. ವರ್ಷಗಟ್ಟಲೆ ಇದೇ ಮಾತು, ಇದೇ ರಾಗ. ಫೀಸು ಕೇಳದ ವಕೀಲರೊಬ್ಬರನ್ನು ಮನೆಯಲ್ಲೇ ಇಟ್ಟುಕೊಂಡ ಹಾಗಿತ್ತು.

ಇನ್ನು ಊಟಿಯ ವಿಷಯ. ಮೈಸೂರಿನವರಿಗೆ ಊಟಿ ಪರವೂರಲ್ಲ, ಅದು ನಮ್ಮ ಹಿತ್ತಿಲು. ಬೆಳಿಗ್ಗೆ ಇಡ್ಲಿ ಕಟ್ಟಿಕೊಂಡು ಹೊರಟು, ನಂಜನಗೂಡು, ಗುಂಡ್ಲುಪೇಟೆ ದಾಟಿ, ಬಂಡೀಪುರದಲ್ಲಿ ಆನೆ ಕಂಡೆನೆಂದು ಒಬ್ಬರು, ಅದು ಬಂಡೆ ಎಂದು ಇನ್ನೊಬ್ಬರು ಜಗಳವಾಡಿ ಮುಗಿಸುವಷ್ಟರಲ್ಲಿ ಸ್ವೆಟರು ಹಾಕಿಕೊಳ್ಳುವ ಹೊತ್ತು ಬಂದಿರುತ್ತದೆ. ಬರುವಾಗ ಕ್ಯಾರೆಟ್ಟು, ವರ್ಕಿ ಬಿಸ್ಕತ್ತು, ನೀಲಗಿರಿ ಎಣ್ಣೆ, ಮತ್ತೆ ಒಂದು ಗಿಡ. ಈ ಗಿಡ ಇದೆಯಲ್ಲ, ಇದು ನಮ್ಮ ಊರು ತಲೆತಲಾಂತರದಿಂದ ನಡೆಸಿಕೊಂಡು ಬಂದಿರುವ ಮೂರ್ಖತನ. ಅಲ್ಲಿಯ ಮಂಜಿನಲ್ಲಿ ಕೊಬ್ಬಿ ನಿಂತ ಗಿಡಕ್ಕೆ ಮನಸೋತು, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಘಾಟಿ ಇಳಿಸಿ, ತಂದು ನಮ್ಮ ಮಾರ್ಚಿ ತಿಂಗಳ ಬಿಸಿಲಿಗೆ ಒಪ್ಪಿಸುತ್ತೇವೆ. ಅದು ಸಾಯುತ್ತದೆ. ಮುಂದಿನ ಸಲ ಹೋದಾಗ ಇನ್ನೊಂದನ್ನು ತರುತ್ತೇವೆ. ನಮ್ಮ ಬಡಾವಣೆಯ ಯಾವ ಕಾಂಪೌಂಡಿಗೆ ಹೋದರೂ ಒಂದು ಬರಿಯ ಕುಂಡವನ್ನು ತೋರಿಸಿ, "ಇದು ಊಟಿಯಿಂದ ತಂದಿದ್ದು" ಎನ್ನುತ್ತಾರೆ, ಕುಂಡವನ್ನೇ ತಂದವರ ಹಾಗೆ. ನಮ್ಮ ತಾಯಿ ಜೀವಮಾನವೆಲ್ಲ ಇಂಥ ಹೂವಿನ ಗಿಡಗಳನ್ನು ತಂದು, ಪ್ರತಿಯೊಂದರ ಸಾವಿಗೂ ಮನೆಗೆ ಬಂದುಹೋದ ಯಾರಾದರೊಬ್ಬರ ದೃಷ್ಟಿಯನ್ನು ಹೊಣೆ ಮಾಡಿದರು.

ಪದ್ಮಳಿಗೆ ಕಿಡ್ನಿ ಕೈಕೊಟ್ಟದ್ದು ಅವಳಿಗೆ ಐವತ್ತು ದಾಟಿದ ಮೇಲೆ. ಡಾಕ್ಟರು ಉಪ್ಪು ಬಿಡಿಸಿದರು, ಹಣ್ಣು ಬಿಡಿಸಿದರು, ಕೊನೆಗೆ ನೀರನ್ನೂ ಅಳತೆಗೆ ತಂದರು. ಬೆಳಿಗ್ಗೆ ಒಂದು ಬಾಟಲಿಯಲ್ಲಿ ಆ ದಿನದ ನೀರು ತುಂಬಿಡಬೇಕು. ಕಾಫಿ, ಮಾತ್ರೆ, ಬಾಯಾರಿಕೆ ಎಲ್ಲ ಅದರೊಳಗೇ ಆಗಬೇಕು. ಬಾಟಲಿಯ ಕಾವಲು ಶಾರದೆಯದು. ತಂಗಿ ಕೇಳಿದ್ದಕ್ಕೆ ಅದುವರೆಗೆ ಇಲ್ಲ ಎಂದು ಗೊತ್ತೇ ಇಲ್ಲದವಳು ಈಗ ದಿನವೆಲ್ಲ ಇಲ್ಲ ಎನ್ನುವ ಕೆಲಸಕ್ಕೆ ನಿಂತಳು. ಆ ದಿನಗಳಲ್ಲೇ ಪದ್ಮ ಒಮ್ಮೆ ಊಟಿಗೆ ಹೋಗಿಬರೋಣ ಎಂದಳು. ಡಾಕ್ಟರನ್ನು ಕೇಳಿದೆವು. ಅವರು ತಕ್ಷಣ ಹೋಗಿಬನ್ನಿ ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಹಿಡಿಸಲಿಲ್ಲ.

ಊಟಿಯ ಹೊರಗೆ ರಸ್ತೆ ಬದಿಯ ನರ್ಸರಿಯೊಂದರ ಮುಂದೆ ಪದ್ಮ ಕಾರು ನಿಲ್ಲಿಸಲು ಹೇಳಿದಳು. ನೆಟ್ಟಗೆ ನಿಂತ ಗಿಡಗಳ ಸಾಲಿನಲ್ಲಿ ಒಂದು ಮಾತ್ರ ತನ್ನ ರೆಂಬೆಗಳನ್ನೆಲ್ಲ ಕೆಳಕ್ಕೆ ಇಳಿಬಿಟ್ಟುಕೊಂಡು, ತಲೆಸ್ನಾನ ಮಾಡಿ ಕೂದಲು ಹರಡಿಕೊಂಡವರಂತೆ ನಿಂತಿತ್ತು. ಎಲೆ ಎನ್ನುವಂಥದ್ದೇನೂ ಇಲ್ಲ. ಬೂದಿ ಬೆರೆತ ಹಸಿರಿನ ಸಣ್ಣ ಸಣ್ಣ ಎಳೆಗಳು, ಕೈಯಲ್ಲಿ ಉಜ್ಜಿದರೆ ನಿಂಬೆಸಿಪ್ಪೆಯ ವಾಸನೆ. ವೀಪಿಂಗ್ ಸೈಪ್ರೆಸ್, ಮನೆ ಮುಂದೆ ಶೋಕಿಗೆ ನೆಡುವ ಮರ ಎಂದ ನರ್ಸರಿಯವನು. ಪದ್ಮ ಅದನ್ನು ನೋಡಿದಳು, ತಿರುಗಿ ನನ್ನ ಮುಖ ನೋಡಿದಳು, ಮತ್ತೆ ಅದನ್ನು ನೋಡಿದಳು.

"ಅಕ್ಕಾ, ಬಾರೇ ಇಲ್ಲಿ. ಭಾವನ ತಮ್ಮ ಸಿಕ್ಕಿದಾನೆ."

ಅಕ್ಕತಂಗಿಯರು ಅಲ್ಲೇ ಬೇಲಿಯ ಗೂಟ ಹಿಡಿದುಕೊಂಡು ನಕ್ಕರು. ನರ್ಸರಿಯವನು ಏನೆಂದು ತಿಳಿಯದೆ ತಾನೂ ನಕ್ಕ. ಶಾರದೆ ಅಷ್ಟು ನಕ್ಕದ್ದನ್ನು ಆಮೇಲೆ ನಾನು ನೋಡಲಿಲ್ಲ. ಗಿಡವನ್ನು ಪದ್ಮ ತನ್ನ ತೊಡೆಯ ಮೇಲೆ ಇಟ್ಟುಕೊಂಡೇ ಮೈಸೂರಿಗೆ ತಂದಳು. ಅದಕ್ಕೆ ಚಿಕ್ಕ ಭಾವ ಎಂದು ಹೆಸರಿಟ್ಟಳು. ತನ್ನ ರೂಮಿನ ಕಿಟಕಿಗೆ ಎದುರಾಗಿ, ಗೇಟಿನ ಪಕ್ಕದಲ್ಲೇ ಅದು ಇರಬೇಕೆಂದಳು. ಅಲ್ಲಿ ಮಣ್ಣು ಮೆತ್ತಗಿತ್ತು, ಅಗೆಯುವುದು ಸುಲಭವಾಯಿತು. ಅಷ್ಟು ಸುಲಭವಾದಾಗಲೇ ನನಗೆ ಸಂದೇಹ ಬರಬೇಕಿತ್ತು, ಬರಲಿಲ್ಲ.

ಜೋತುಬಿದ್ದ ಗಿಡವನ್ನು ಕಂಡರೆ ಇಂಗ್ಲಿಷಿನವರಿಗೆ ಅದು ಅಳುತ್ತಿರುವಂತೆ ಕಾಣುತ್ತದಂತೆ. ಹಾಗೆಂದೇ ಹೆಸರಿಟ್ಟಿದ್ದಾರೆ. ದೂರದ ಕೆಲವು ದೇಶಗಳಲ್ಲಿ ಇದರ ಬಳಗದ ಮರಗಳನ್ನು ಸಮಾಧಿಗಳ ಪಕ್ಕ ನೆಡುತ್ತಾರೆಂದೂ ಓದಿದ್ದೇನೆ. ಮುಖ ಹೀಗಿದ್ದರೆ ಮರವನ್ನಾದರೂ ಸಾವಿನ ಮನೆಯವರೇ ಕರೆಯುವುದು ಎಂದು ನನಗೆ ಆಗ ಒಂಥರಾ ಸಮಾಧಾನವಾಗಿತ್ತು. ಆದರೆ ನಮ್ಮ ಜನ ಬೇರೆ. ವರ್ಷವೆಲ್ಲ ಮೋಡ ನೋಡಿಕೊಂಡು ಬದುಕುವವರಿಗೆ ಗಿಡ ತಲೆ ತಗ್ಗಿಸಿದ್ದು ಕಂಡರೆ ತಲೆಗೆ ಬರುವುದು ಒಂದೇ ಯೋಚನೆ, ಪಾಪ, ಬಾಯಾರಿದೆ. ಬೆಳಿಗ್ಗೆ ಪೂಜೆಗೆ ಕಂಡವರ ಕಾಂಪೌಂಡಿನ ಹೂವು ಕೀಳಲು ಬರುವವರು, ಹೂವಿಲ್ಲದ ಈ ಗಿಡದ ಮುಂದೆ ನಿಂತು ಲೊಚಗುಟ್ಟಿದರು. ಎದುರುಮನೆಯ ನಂಜುಂಡಪ್ಪನವರು, ಬಟ್ಟೆ ಅಂಗಡಿಯ ಯಜಮಾನರು, ಹಣೆಯ ತುಂಬ ವಿಭೂತಿ ಇಟ್ಟುಕೊಂಡು ದಿನಾ ವಾಕಿಂಗಿಗೆ ಹೋಗುವವರು, "ಏನ್ ಮೇಷ್ಟ್ರೇ, ಗಿಡ ಬಾಡ್ಬುಟ್ಟದಲ್ಲ. ನೀರಾಕಾಕಿಲ್ವಾ?" ಎಂದು ವಿಚಾರಿಸಿದರು. ಅದು ಇರುವುದೇ ಹಾಗೆ ಎಂದು ನಾನು ವಿವರಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡು, ನನಗೂ ಸೇರಿಸಿ ಮರುಕಪಟ್ಟು, ತಮ್ಮ ಬಾಟಲಿಯಲ್ಲಿ ಉಳಿದ ನೀರನ್ನು ಗೇಟಿನ ಸಂದಿಯಿಂದ ಅದರ ಬುಡಕ್ಕೆ ಸುರಿದು ಹೋದರು. ಮಾರನೆಯ ದಿನದಿಂದ ಅದು ಅವರ ನಿತ್ಯಕರ್ಮವಾಯಿತು. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಎಲ್ಲ ಅಲ್ಲಿಗೇ ಹೋಗುತ್ತಿತ್ತು.

ಸಂಸ್ಕೃತ ಓದಿದವನಿಗೆ ಇಂಥ ಸಂದರ್ಭದಲ್ಲಿ ಏನಾದರೊಂದು ನೆನಪಾಗದಿದ್ದರೆ ಊಟ ಸೇರುವುದಿಲ್ಲ. ಹಳೆಯ ಕಾವ್ಯಗಳಲ್ಲಿ ಮರಗಳಿಗೂ ಬಸುರಿಯರ ಹಾಗೆ ಬಯಕೆಗಳಿರುತ್ತವೆ. ಅಶೋಕ ಹೂ ಬಿಡಬೇಕಾದರೆ ಗೆಜ್ಜೆಕಾಲಿನ ಹೆಣ್ಣೊಬ್ಬಳು ಅದನ್ನು ಒದೆಯಬೇಕು. ಬಕುಳಕ್ಕೆ ಹೆಣ್ಣಿನ ಬಾಯಿಂದ ಮದ್ಯ ಚಿಮ್ಮಬೇಕು. ಒಂದಕ್ಕೆ ಅಪ್ಪುಗೆ, ಒಂದಕ್ಕೆ ಬರಿಯ ನೋಟ ಸಾಕು. ನೀರು ಬೇಕೆಂದು ಹೇಳಿದ ಮರ ನಾನು ಓದಿದ ಕಾವ್ಯಗಳಲ್ಲಿ ಒಂದೂ ಇಲ್ಲ. ಇದನ್ನು ಒಂದು ಸಂಜೆ ಪದ್ಮಳಿಗೆ ಹೇಳಿದೆ. ಅವಳು ಅಷ್ಟು ಹೊತ್ತಿಗೆ ಹೆಚ್ಚು ಓಡಾಡುತ್ತಿರಲಿಲ್ಲ, ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಗಿಡದ ಕಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. "ಹಾಗಾದ್ರೆ ಚಿಕ್ಕ ಭಾವಂಗೆ ಯಾರು ಒದೀಬೇಕು? ಅಕ್ಕನ ಕೈಲಿ ಆಗಲ್ಲ, ಅವಳು ದೊಡ್ಡೋರಿಗೇ ಒದೀಲಿಲ್ಲ" ಎಂದಳು. ಆಮೇಲೆ ಎದ್ದು, ನಲ್ಲಿಯಿಂದ ಚೊಂಬು ತುಂಬಿಕೊಂಡು ಹೋಗಿ ಗಿಡದ ಬುಡಕ್ಕೆ ನಿಧಾನವಾಗಿ ಎರೆದು, "ನನ್ನ ಪಾಲಿಂದೂ ನೀವೇ ಕುಡೀರಿ" ಎಂದು ಅದಕ್ಕೆ ಹೇಳಿದಳು. ಒಳಗೆ ಅಡುಗೆಮನೆಯಲ್ಲಿ ಶಾರದೆ ಬಾಟಲಿ ಹಿಡಿದುಕೊಂಡು ಇದನ್ನು ಕೇಳಿಸಿಕೊಂಡು ನಿಂತಿದ್ದಳು.

ಗಿಡ ಬಂದ ಮೇಲೆ ಪದ್ಮ ಒಂದು ಮಳೆಗಾಲ ನೋಡಿದಳು. ದಸರೆಗೆ ಬನ್ನಿಮಂಟಪದ ಪಂಜಿನ ಕವಾಯತನ್ನು ಆ ವರ್ಷ ಟಿವಿಯಲ್ಲೇ ನೋಡಿದಳು. ದೀಪಾವಳಿಗೆ ಇರಲಿಲ್ಲ.

ಅವಳು ಹೋದ ದಿನ ನನಗೆ ಆದ ದುಃಖವನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಆವತ್ತು ಅದು ಯಾರಿಗೂ ಕಾಣಲಿಲ್ಲ. ಬಂದವರೆಲ್ಲ ಶಾರದೆಯ ಹತ್ತಿರ ಹೋದರು. ಅದು ಸರಿಯೇ. ನಗುಮುಖದವಳು ಒಮ್ಮೆಗೇ ಕಲ್ಲಾಗಿ ಕೂತದ್ದು ಎಲ್ಲರಿಗೂ ಕಾಣುತ್ತಿತ್ತು. ನನ್ನ ಕಡೆ ನೋಡಿ, ಮೇಷ್ಟ್ರು ಯಾವಾಗಿನ ಹಾಗೇ ಇದ್ದಾರೆ, ಗಟ್ಟಿ ಮನುಷ್ಯ ಎಂದುಕೊಂಡು ಹೋದರು. ಊರಿನ ಎಷ್ಟೋ ಸಾವಿನ ಮನೆಗಳಲ್ಲಿ ಸುಮ್ಮನೆ ನಿಂತು ಮರ್ಯಾದೆ ಪಡೆದ ಮುಖ ಅದು. ನನ್ನ ಮನೆಯಲ್ಲಿ, ಮಗಳ ಹಾಗೆ ಇದ್ದವಳು ಹೋದಾಗ, ಇಳಿಯುವುದಕ್ಕೆ ಅದಕ್ಕೆ ಇನ್ನು ಜಾಗವೇ ಇರಲಿಲ್ಲ. ಒಳಗೆ ಚೆನ್ನಾಗಿದ್ದಾರೆ ಎಂದು ಹೇಳುತ್ತಿದ್ದವಳೂ ಇಲ್ಲ. ಒಳಗೆ ಚೆನ್ನಾಗಿರಲೂ ಇಲ್ಲ.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಜಗಳವಲ್ಲ, ಮುನಿಸಲ್ಲ. ಶಾರದೆಗೆ ಮಾತು ಶುರುಮಾಡುವ ಜಾಗವೇ ಹೋಗಿಬಿಟ್ಟಿತ್ತು. ಹುಳಿಗೆ ಏನು ಹಾಕಲಿ, ಹಾಲಿನವನು ಬಂದನೇ, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಪದ್ಮಳ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು ಅವಳು ಮಾಡುತ್ತಿದ್ದ ಮೊದಲ ಕೆಲಸ ಒಂದೇ. ಹಿತ್ತಾಳೆಯ ದೊಡ್ಡ ಚೊಂಬು ತುಂಬಿಕೊಂಡು ಹೋಗಿ ಗಿಡಕ್ಕೆ ಎರೆಯುವುದು. ತಿರುಗಿ ಬಂದು ಇನ್ನೊಂದು ಚೊಂಬು. ಸಂಜೆ ಮತ್ತೆ. ಎರೆದು ಮುಗಿದ ಮೇಲೂ ಅಲ್ಲೇ ಸ್ವಲ್ಪ ಹೊತ್ತು ನಿಂತಿರುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ಅವಳ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ನಾನು ಜಗಲಿಯ ಮೇಲೆ ಪೇಪರು ಹಿಡಿದು ಅದನ್ನೇ ನೋಡುತ್ತಿದ್ದೆ.

ಗಿಡಕ್ಕೆ ಕಾಯಿಲೆ ಬಂದಿದೆಯೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಇಂಥ ಗಿಡದ ತೊಂದರೆಯೇ ಅದು. ಬೇರೆ ಗಿಡವಾದರೆ ಬಾಡಿ ತಲೆ ತಗ್ಗಿಸಿ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಇದು ಚೆನ್ನಾಗಿದ್ದಾಗಲೂ ತಲೆ ತಗ್ಗಿಸಿಯೇ ನಿಂತಿರುತ್ತದೆ, ಸಾಯುವಾಗಲೂ ಹಾಗೆಯೇ. ಯಾರು ಕಂಡುಹಿಡಿಯಬೇಕು? ನನಗಂತೂ ಈ ವಿಷಯದಲ್ಲಿ ಅದರ ಮೇಲೆ ಸಹೋದರಭಾವವೇ ಬಂದಿತ್ತು. ಒಂದು ದಿನ ರೆಂಬೆಯೊಂದನ್ನು ಸರಿಸಿ ನೋಡಿದರೆ ಒಳಗೆಲ್ಲ ಕಂದು, ಮುಟ್ಟಿದರೆ ಪುಡಿ. ಹೊರಗೆ ಕಾಣುವ ಹಸಿರು ಬರಿಯ ಸೆರಗಿನಷ್ಟು. ಉಜ್ಜಿ ಮೂಸಿದೆ, ನಿಂಬೆಯ ವಾಸನೆ ಇರಲಿಲ್ಲ. ಬುಡದಲ್ಲಿ ಒಂದು ಕೋಲು ಚುಚ್ಚಿ ತೆಗೆದರೆ ಕೊಚ್ಚೆಯ ನಾತ ಬಂತು.

ಬುಡದಿಂದ ಸ್ವಲ್ಪ ಈಚೆಗೆ ಸಲಿಕೆಯಿಂದ ಕೆರೆದೆ. ಸಿಮೆಂಟಿನ ಅಂಚು ತಗುಲಿತು. ಆಗ ನೆನಪಾಯಿತು. ಅದು ನಮ್ಮ ತಂದೆ ಕಟ್ಟಿಸಿದ ನೆಲದೊಳಗಿನ ನೀರಿನ ತೊಟ್ಟಿ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದ ಕಾಲದಲ್ಲಿ ಈ ಕಡೆಯ ಮನೆಗಳಲ್ಲೆಲ್ಲ ಗೇಟಿನ ಪಕ್ಕ ಇಂಥದ್ದೊಂದು ಇರುತ್ತಿತ್ತು. ಮಹಡಿಯ ಮೇಲೆ ಟ್ಯಾಂಕು ಬಂದ ಮೇಲೆ ಅದಕ್ಕೆ ಒಡೆದ ಹೆಂಚು, ಗಾರೆ, ಮಣ್ಣು ತುಂಬಿಸಿ ಮುಚ್ಚಿದ್ದರು. ಮಣ್ಣು ಮೆತ್ತಗಿದೆ ಎಂದು ನಾವು ಗಿಡ ನೆಟ್ಟದ್ದು ಆ ತೊಟ್ಟಿಯ ಒಳಗೆ. ಇಡೀ ಬೀದಿ ಕರುಣೆಯಿಂದ ಎರೆದ ನೀರು ಒಂದು ತೊಟ್ಟೂ ಎಲ್ಲಿಗೂ ಹೋಗದೆ ಅದರ ಬೇರಿನ ಸುತ್ತ ನಿಂತು ಕೊಳೆಯುತ್ತಿತ್ತು. ಊಟಿಯ ಗಿಡಗಳೆಲ್ಲ ನಮ್ಮ ಬಿಸಿಲಿಗೆ ಸತ್ತರೆ ಇದು ನಮ್ಮ ದಯೆಗೆ ಸಾಯುತ್ತಿತ್ತು.

ಉಪಾಯವೇನೋ ಸುಲಭ, ನೀರು ನಿಲ್ಲಿಸಬೇಕು. ನಂಜುಂಡಪ್ಪನವರಿಗೆ ಹೇಳಬಹುದು. ಶಾರದೆಗೆ ಹೇಗೆ ಹೇಳುವುದು? ಮೊದಲು ಹೇಡಿಯ ಉಪಾಯಗಳನ್ನೆಲ್ಲ ಮಾಡಿದೆ. ಹಿತ್ತಾಳೆಯ ಚೊಂಬನ್ನು ಅಟ್ಟದ ಮೇಲಿಟ್ಟೆ. ಅವಳು ಏನೂ ಕೇಳದೆ ಸ್ಟೀಲಿನ ಬಿಂದಿಗೆ ತೆಗೆದುಕೊಂಡಳು, ಅದು ಇನ್ನೂ ದೊಡ್ಡದು. ಆಕಾಶ ತೊಳೆದಿಟ್ಟಂತೆ ಇದ್ದ ದಿನವೂ, ಮಳೆ ಬರೋ ಹಾಗಿದೆ, ನೀರು ಯಾಕೆ ಎಂದೆ. ಅವಳು ಆಕಾಶ ನೋಡಲಿಲ್ಲ, ನನ್ನನ್ನು ನೋಡಿ ಒಳಗೆ ಹೋದಳು. ಚೊಂಬನ್ನು ನಾನೇ ಅಟ್ಟದಿಂದ ಇಳಿಸಿ ಸ್ವಸ್ಥಾನದಲ್ಲಿಟ್ಟೆ.

ಕೊನೆಗೆ ಒಂದು ಮಧ್ಯಾಹ್ನ, ಅವಳು ನಡುಮನೆಯಲ್ಲಿ ನೆನೆಸಿದ ಅವರೆಕಾಳು ಹಿತಕುತ್ತ ಕೂತಿದ್ದಾಗ, ನಾನೂ ಎದುರಿಗೆ ಕೂತು ಒಂದು ಹಿಡಿ ಕಾಳು ತೆಗೆದುಕೊಂಡೆ. ಹೇಳಿಬಿಟ್ಟೆ.

"ಶಾರದಾ, ಆ ಗಿಡಕ್ಕೆ ನೀರು ಹಾಕೋದು ನಿಲ್ಲಿಸ್ಬೇಕು ಕಣೆ. ಬೇರು ಕೊಳೀತಿದೆ. ನೀರು ಜಾಸ್ತಿಯಾಗೇ ಅದು ಸಾಯ್ತಿರೋದು."

ಅವಳ ಬೆರಳು ನಿಂತವು. ಸಿಪ್ಪೆಯ ತಟ್ಟೆಯನ್ನೇ ನೋಡುತ್ತ, "ಅವಳಿಗೂ ಡಾಕ್ಟರು ಇದನ್ನೇ ಹೇಳಿದ್ರು" ಎಂದಳು.

ನಾನು ಕಾಳಿನ ಬಟ್ಟಲನ್ನು ಅವಳ ಕಡೆಗೆ ಸರಿಸಿದೆ.

"ಕೊನೇ ದಿನ ಸಂಜೆ ಕೇಳಿದ್ಲು ಕಣ್ರೀ. ನೀವು ಔಷಧಿ ತರೋಕೆ ಹೋಗಿದ್ರಿ. ಅಕ್ಕಾ, ಒಂದು ಲೋಟ ನೀರು ಕೊಡೇ, ಪೂರ್ತಿ ಒಂದು ಲೋಟ, ಗಟಗಟ ಕುಡೀಬೇಕು ಅಂದ್ಲು. ಬಾಟಲಿ ಆಗಲೇ ಖಾಲಿಯಾಗಿತ್ತು. ಬೆಳಿಗ್ಗೆ ಕೊಡ್ತೀನಿ ಮಲ್ಕೋ ಅಂದೆ." ಅವಳು ಒಂದು ಕಾಳು ಹಿತಕಿದಳು. "ಡಾಕ್ಟರು ಹೇಳಿದ್ದು ಸರಿ. ನಾನು ಮಾಡಿದ್ದೂ ಸರಿ. ಎಲ್ಲಾ ಗೊತ್ತು ನಂಗೆ. ಆದ್ರೆ ಇನ್ನೊಂದಕ್ಕೆ ನೀರು ಇಲ್ಲ ಅನ್ನೋದು ನನ್ನ ಕೈಲಿ ಆಗಲ್ಲ. ಸತ್ರೆ ಕುಡಿದೇ ಸಾಯ್ಲಿ ಬಿಡಿ."

ಪದ್ಮ ಹೋದ ಮೇಲೆ ಅವಳು ಅಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು. ಒಂದು ಜೀವಮಾನ ಮಕ್ಕಳಿಗೆ ಶಬ್ದ, ಧಾತು, ವಿಭಕ್ತಿ ಹೇಳಿಕೊಟ್ಟ ನಾನು ಅಲ್ಲೇ ಕೂತು ಅವರೆಕಾಳು ಹಿತಕಿದೆ. ಬಟ್ಟಲು ತುಂಬಿದ ಮೇಲೆ ಎದ್ದೆ.

ಗಿಡವೂ ಸಾಯಬಾರದು, ಇವಳ ಕೈಯ ಚೊಂಬನ್ನೂ ಕಸಿಯಬಾರದು. ಹಾಗಾದರೆ ಉಳಿದದ್ದು ಒಂದೇ ದಾರಿ, ತೊಟ್ಟಿಯ ತಳ ಒಡೆಯುವುದು. ಇವಳು ಎಷ್ಟು ಬೇಕಾದರೂ ಎರೆಯಲಿ, ನೀರು ಹೋಗುವುದಕ್ಕೊಂದು ದಾರಿ ಇದ್ದರಾಯಿತು. ಈ ವಯಸ್ಸಿನಲ್ಲಿ ನಾನು ಎತ್ತಿದ ಭಾರವೆಂದರೆ ನಿಘಂಟು. ಹಾರೆಗಾಗಿ ನಂಜುಂಡಪ್ಪನವರ ಮನೆಗೆ ಹೋದೆ. ವಿಷಯ ಕೇಳಿ ಅವರು ಮೊದಲು ತಮ್ಮ ನೀರಿನ ಬಾಟಲಿಯನ್ನು ನೋಡಿಕೊಂಡರು. "ಅಯ್ಯೋ ಶಿವನೇ, ನಾನೂ ದಿನಾ ಉಯ್ಬುಟ್ನಲ್ಲ ಮೇಷ್ಟ್ರೇ" ಎಂದು ಹಾರೆಯ ಜೊತೆ ತಾವೂ ಹೊರಟುಬಂದರು.

ಗಿಡದ ಪಕ್ಕದಲ್ಲಿ ಗುಂಡಿ ತೋಡಿ, ಕಪ್ಪು ನೀರನ್ನು ಮೊಗೆದು ಹೊರಗೆ ಚೆಲ್ಲಿ, ಇಬ್ಬರೂ ಸರದಿಯ ಮೇಲೆ ತಳಕ್ಕೆ ಹಾರೆ ಹಾಕಿದೆವು. ನಮ್ಮ ತಂದೆಯ ಕಾಲದ ಕೆಲಸ, ಸುಲಭಕ್ಕೆ ಜಗ್ಗುವಂಥದ್ದಲ್ಲ. ನಾಲ್ಕು ಏಟು ಹಾಕುವುದು, ಸೊಂಟ ಹಿಡಿದುಕೊಂಡು ನಿಲ್ಲುವುದು, ಅವರು ಶಿವಶಿವಾ ಎನ್ನುವುದು, ನಾನು ರಾಮರಾಮಾ ಎನ್ನುವುದು. ದಾರಿಯಲ್ಲಿ ಹೋಗುವವರು ನನ್ನ ಮುಖ, ಗುಂಡಿ, ಎರಡನ್ನೂ ನೋಡಿ ಮನೆಯಲ್ಲಿ ಮತ್ತೇನೋ ಆಗಿದೆ ಎಂದುಕೊಂಡು ನಿಂತು ವಿಚಾರಿಸಿ ಹೋದರು. ಸದ್ದು ಕೇಳಿ ಶಾರದೆ ಹೊರಗೆ ಬಂದಳು.

"ಏನ್ರೀ ಮಾಡ್ತಿದೀರ?"

"ತಳದಲ್ಲಿ ತೂತು ಮಾಡ್ತಿದೀನಿ. ನೀನು ಹಾಕೋ ನೀರು ಹೋಗೋಕೆ."

ಅವಳು ಗುಂಡಿಯನ್ನು ನೋಡಿದಳು, ಕೆಸರು ಹತ್ತಿದ ನನ್ನ ಪಂಚೆಯನ್ನು ನೋಡಿದಳು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನಮಗಿಬ್ಬರಿಗೂ ಕಾಫಿ ಬಂತು. ಕತ್ತಲಾಗುವುದಕ್ಕೆ ಮುಂಚೆ ಹಾರೆ ಒಮ್ಮೆ ಠಣ್ಣೆನ್ನದೆ ಸುಮ್ಮನೆ ಕೆಳಗೆ ಇಳಿಯಿತು. ಉಳಿದಿದ್ದ ನೀರು ಗುಳುಗುಳು ಎಂದು ನೆಲದೊಳಗೆ ಹೋಯಿತು. ನಾವು ಮುದುಕರಿಬ್ಬರೂ ಬಗ್ಗಿ ಅದನ್ನೇ ನೋಡಿದೆವು.

ಮಾರನೆಯ ಬೆಳಿಗ್ಗೆ ಶಾರದೆ ಎಂದಿನಂತೆ ಚೊಂಬು ತುಂಬಿಕೊಂಡು ಹೋಗಿ ಗಿಡದ ಮುಂದೆ ನಿಂತಳು. ಎರೆಯಲಿಲ್ಲ. ತಿರುಗಿ ಒಳಗೆ ಬಂದು ಚೊಂಬಿಟ್ಟು, ಅಡುಗೆಮನೆಯ ಗೂಡಿನಿಂದ ಒಂದು ಲೋಟ ತೆಗೆದಳು. ಪದ್ಮ ಕಾಫಿ ಕುಡಿಯುತ್ತಿದ್ದ ಲೋಟ. ಅದಕ್ಕೆ ಅಂಚಿನವರೆಗೂ ನೀರು ತುಂಬಿಕೊಂಡು, ತುಳುಕದಂತೆ ನಡೆದುಹೋಗಿ, ಪೂರ್ತಿ ಎರೆದಳು. ಪೂರ್ತಿ ಒಂದು ಲೋಟ. ಆವತ್ತಿನಿಂದ ಅದೇ ನಡೆದಿದೆ. ಸಂಜೆ ಇಲ್ಲ.

ಗಿಡ ಉಳಿಯುತ್ತದೆಯೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಬೀದಿಯ ಕಡೆಯ ರೆಂಬೆಗಳೆಲ್ಲ ಒಣಗಿ ಹೋದವು, ಕತ್ತರಿಸಿದೆವು. ಮನೆಯ ಕಡೆಯ ಅರ್ಧ ಇನ್ನೂ ಹಸಿರಾಗಿದೆ. ತುದಿಯಲ್ಲಿ ಬೂದುಹಸಿರಿನ ಎಳೆ ಸ್ವಲ್ಪ ಹೊಸದಾಗಿ ಬಂದಂತೆ ನನಗೆ ಕಾಣುತ್ತದೆ, ಶಾರದೆಗೆ ಕಾಣುವುದಿಲ್ಲ. ಮುಂದೆ ಮಾರ್ಚಿ ಇದೆ, ಊಟಿಯಿಂದ ಬಂದ ಯಾವ ಗಿಡವೂ ಈ ಊರಿನಲ್ಲಿ ಅದನ್ನು ಸುಮ್ಮನೆ ದಾಟಿದ್ದಿಲ್ಲ. ಅರ್ಧ ಬೋಳಾಗಿ, ಉಳಿದರ್ಧ ಇಳಿಬಿಟ್ಟುಕೊಂಡು ನಿಂತ ಅದು ಮೊದಲಿಗಿಂತ ಹೆಚ್ಚು ದುಃಖಿಯಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ ಕೂತರೆ ನಾನು ಗೆಲುವಾಗಿಯೇ ಕಾಣುತ್ತೇನೆಂದು ನನ್ನ ನಂಬಿಕೆ.

ಮೊನ್ನೆ ಬೆಳಿಗ್ಗೆ ಹೂವು ಕೀಳಲು ಬಂದ ಹೊಸ ಹೆಂಗಸೊಬ್ಬರು ಗೇಟಿನ ಹೊರಗೆ ನಿಂತು ಗಿಡವನ್ನು ನೋಡಿದರು. ಶಾರದೆ ಆಗ ತಾನೇ ಲೋಟ ಬಗ್ಗಿಸಿ ಮುಗಿಸಿದ್ದಳು. ನಾನು ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದೆ.

"ಯಾಕಮ್ಮ, ಗಿಡ ಇಷ್ಟೊಂದು ಬಾಡಿದೆ? ಹುಷಾರಿಲ್ವಾ ಅದಕ್ಕೆ?" ಎಂದರು ಆಕೆ.

ಶಾರದೆ ಲೋಟದಲ್ಲಿ ಉಳಿದ ಹನಿಯನ್ನು ಕೊಡವಿದಳು. ಆಮೇಲೆ, "ಅದರ ಮುಖ ಇರೋದೇ ಹಾಗೆ ಕಣ್ರೀ. ಒಳಗೆ ಚೆನ್ನಾಗೇ ಇದೆ" ಎಂದಳು.

ಅದೇ ಮಾತು, ಅದೇ ರಾಗ. ನನ್ನ ಕೈಯಲ್ಲಿದ್ದ ಪೇಪರಿನ ಅಕ್ಷರ ಕಾಣದಾಯಿತು. ಎಷ್ಟೋ ತಿಂಗಳಾದ ಮೇಲೆ ನಮ್ಮ ಮನೆಯಲ್ಲಿ ಪದ್ಮ ಒಂದು ಸಲ ಮಾತಾಡಿದ್ದಳು, ನನಗೆ ಅಷ್ಟು ಸಂತೋಷವಾಗಿತ್ತು. ಗೇಟಿನ ಹೊರಗಿದ್ದ ಆಕೆ ತಲೆಯೆತ್ತಿ ಜಗಲಿಯ ಮೇಲಿದ್ದ ನನ್ನನ್ನು ನೋಡಿದರು. ಏನು ಕಂಡರೋ, ದನಿ ತಗ್ಗಿಸಿ, "ಯಜಮಾನ್ರು?" ಎಂದು ಕೇಳಿದರು.

"ಅವರೂ ಅಷ್ಟೇ" ಎಂದಳು ಶಾರದೆ.